ದಣಿದ ಬೆಳಕಿನ ದಾಕ್ಷಾಯಣಿ

ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರು, ದಾಕ್ಷಾಯಣಿ ವಿಜ್ಞಾನದ ಟೀಚರು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಸ್ಟಾಫ್ ರೂಮಿನಲ್ಲಿ ಹೆಂಗಸರಿಗೆಂದು ಇದ್ದ ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಅವಳ ಗಂಡ ಚನ್ನವೀರಯ್ಯನವರಿಗೆ ಪೇಟೆಯಲ್ಲಿ ಕೊಬ್ಬರಿ ಮಂಡಿ ಇತ್ತು. ಮನೆಯಲ್ಲಿ ಅತ್ತೆ ತಿಪ್ಪಮ್ಮನವರದ್ದೇ ಕಾರುಬಾರು.

ದಾಕ್ಷಾಯಣಿ ಎತ್ತರದ ಹೆಂಗಸು. ಹಣೆಗೆ ವಿಭೂತಿ, ಮೊಣಕೈವರೆಗೆ ತೋಳಿನ ರವಿಕೆ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡ ನಡಿಗೆ. ಯಾರು ಏನೇ ಹೇಳಲಿ, "ಅದು ಹೆಂಗೆ ಗೊತ್ತು?" ಎಂದು ಕೇಳುವುದು ಅವಳ ಸ್ವಭಾವ. ನಮ್ಮ ಶಾಲೆಗೆ ಹಾಲು ಹಾಕುತ್ತಿದ್ದವನು ಒಮ್ಮೆ "ಹಾಗಲವಾಡಿ ಕಡೆ ಎಮ್ಮೆ ಹಾಲು ಮೇಡಂ, ಕೆನೆ ನೋಡಿ" ಅಂದ. "ಕೆನೆ ನೋಡಿ ಎಮ್ಮೆ ಅಂತ ಗೊತ್ತಾಯ್ತು. ಹಾಗಲವಾಡಿ ಅಂತ ಹೆಂಗೆ ಗೊತ್ತಾಗ್ಬೇಕು?" ಎಂದು ಕೇಳಿ ಅವನ ಬಾಯಿ ಮುಚ್ಚಿಸಿದಳು. ಕೆಲವರಿಗೆ ಅವಳು ಇಷ್ಟವಾಗುತ್ತಿದ್ದಳು, ಬಹಳ ಜನಕ್ಕೆ ಆಗುತ್ತಿರಲಿಲ್ಲ.

ಎಪ್ಪತ್ತಮೂರನೇ ಇಸವಿಯಲ್ಲಿ ಜಿಲ್ಲೆಯ ವಿಜ್ಞಾನದ ಶಿಕ್ಷಕರಿಗೆಲ್ಲ ತುಮಕೂರಿನಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಒಬ್ಬಳೇ ಹೋಗಲು ಬೇಜಾರೆಂದು ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದಳು. ಮಧ್ಯಾಹ್ನ ಮಾತಾಡಿದವರು ಅಲ್ಲಿನ ಕಾಲೇಜೊಂದರ ಭೌತಶಾಸ್ತ್ರದ ಪ್ರೊಫೆಸರು ವೀರಭದ್ರಯ್ಯನವರು. ಪಾಠ ಚೆನ್ನಾಗಿ ಮಾಡುತ್ತಾರೆಂದು ಹೆಸರಾಗಿದ್ದವರು. ಮಾತು ಬಲು ಚುರುಕು. ಬಲೂನಿನ ಮೇಲೆ ಮಸಿಯ ಚುಕ್ಕಿ ಇಟ್ಟು ಊದಿ ತೋರಿಸಿದರು. ಬಲೂನು ಉಬ್ಬಿದಂತೆ ಚುಕ್ಕಿಗಳು ಒಂದಕ್ಕೊಂದು ದೂರವಾದವು. ಕೋಟ್ಯಂತರ ನಕ್ಷತ್ರಗಳ ಗುಂಪುಗಳಾದ ಗ್ಯಾಲಕ್ಸಿಗಳೂ ಹೀಗೆಯೇ ದೂರ ಸರಿಯುತ್ತಿವೆ, ವಿಶ್ವವೇ ಹಿಗ್ಗುತ್ತಿದೆ ಅಂದರು. ಅದಕ್ಕೆ ಸಾಕ್ಷಿ ಬೆಳಕು. ದೂರದ ಗ್ಯಾಲಕ್ಸಿಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ, ಅದರಲ್ಲಿನ ಗೆರೆಗಳು ಇರಬೇಕಾದ ಜಾಗ ಬಿಟ್ಟು ಕೆಂಪಿನ ಕಡೆಗೆ ಸರಿದಿರುತ್ತವೆ. ಎಷ್ಟು ದೂರವೋ ಅಷ್ಟು ಹೆಚ್ಚು ಕೆಂಪು. ದೂರ ಓಡುತ್ತಿರುವ ವಸ್ತುವಿನ ಬೆಳಕು ಹೀಗಾಗುತ್ತದೆ ಎಂದು ವಿವರಿಸಿದರು.

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಇಡೀ ಸಭೆಯಲ್ಲಿ ಎದ್ದದ್ದು ದಾಕ್ಷಾಯಣಿ ಒಬ್ಬಳೇ.

"ಸಾರ್, ಬೆಳಕು ಕೆಂಪಾಗಿದೆ ಅನ್ನೋದು ಕಣ್ಣಿಗೆ ಕಂಡಿದ್ದು. ದೂರ ಓಡ್ತಿದೆ ಅನ್ನೋದು ನಾವು ಊಹೆ ಮಾಡಿದ್ದು. ಅಷ್ಟು ದೂರದಿಂದ ಬರೋ ಬೆಳಕು ದಾರೀಲಿ ಸ್ವಲ್ಪ ಸ್ವಲ್ಪ ಶಕ್ತಿ ಕಳ್ಕೊಂಡು ಕೆಂಪಾಗಿರಬಾರದಾ?"

ವೀರಭದ್ರಯ್ಯನವರು ಬಲೂನನ್ನು ಮೇಜಿನ ಮೇಲಿಟ್ಟು ನಕ್ಕರು. "ಅಮ್ಮಾ, ಬೆಳಕು ನಿಮ್ಮ ಥರ ದಿನಾ ಒಲೆ ಮುಂದೆ ನಿಂತು ದಣಿಯಲ್ಲ."

ಸಭೆ ಗೊಳ್ಳೆಂದಿತು. ಹೆಂಗಸರೂ ನಕ್ಕರು. ದಾಕ್ಷಾಯಣಿ ಕೂರಲಿಲ್ಲ. ನಗು ಅಡಗುವ ತನಕ ನಿಂತೇ ಇದ್ದು, "ಈಗ ಉತ್ತರ ಹೇಳಿ ಸಾರ್" ಅಂದಳು. ಅವರು ಗಡಿಯಾರ ನೋಡಿಕೊಂಡು, ಸಮಯವಾಯಿತು, ಮುಂದಿನವರು ಕಾಯುತ್ತಿದ್ದಾರೆ ಎಂದು ಕೆಳಗಿಳಿದರು.

ಸಂಜೆಯ ರೈಲಿನಲ್ಲಿ ಗುಬ್ಬಿಗೆ ವಾಪಸು ಬರುವಾಗ ನಾನು ಸಮಾಧಾನ ಮಾಡಲು ನೋಡಿದೆ. ಅವಳು ಕಿಟಕಿ ಕಡೆ ಮುಖ ಮಾಡಿದ್ದವಳು ತಿರುಗಿ, "ನಕ್ಕಿದ್ದಕ್ಕೆ ಬೇಜಾರಿಲ್ಲ ಕಣೇ ಪುಟ್ಟತಾಯಿ. ಉತ್ತರ ಕೊಟ್ಟು ಆಮೇಲೆ ನಗಬೇಕಿತ್ತು" ಅಂದಳು. ಬೇಜಾರಾಗಿತ್ತು. ಅವಳ ಕಿವಿ ಇನ್ನೂ ಕೆಂಪಗಿತ್ತು.

ಅಲ್ಲಿಂದ ಶುರುವಾಯಿತು. ಭಾನುವಾರ ಬಂದರೆ ತುಮಕೂರಿನ ಲೈಬ್ರರಿ. ಸಿಕ್ಕಿದ್ದು ಹಳೆಯ ಇಂಗ್ಲಿಷ್ ಪುಸ್ತಕಗಳು, ಅವುಗಳಲ್ಲೂ ಕೆಲವಕ್ಕೆ ಕೊನೆಯ ಹಾಳೆಗಳಿಲ್ಲ. ಬಿ.ಎಸ್ಸಿ.ಯಲ್ಲಿ ಓದಿದ ಗಣಿತವನ್ನು ಮೊದಲಿನಿಂದ ಮತ್ತೆ ಕಲಿತಳು. ತಿಪ್ಪಮ್ಮನವರು ಬಾಗಿಲಲ್ಲಿ ನಿಂತು, "ಅದೇನೋ ಹಿಗ್ತದಂತೆ, ಹಿಗ್ಲಿ ಬುಡು. ನಮ್ಮನೆ ಅಟ್ಟ ಹಿಗ್ಗಿದ್ರೆ ಇನ್ನೊಂದಿಷ್ಟು ಕಾಯಿ ಹಾಕ್ಬೋದಿತ್ತು" ಅನ್ನುತ್ತಿದ್ದರು. ಸೊಸೆ ಓದುವಾಗ ತರಕಾರಿ ಹೆಚ್ಚಲು ಕೂಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಓದುತ್ತ ಓದುತ್ತ ಅವಳೊಳಗೆ ಒಂದು ಬದಲಾವಣೆಯಾಯಿತು. ಮೊದಲು ಅದು ಬರೀ ಪ್ರಶ್ನೆಯಾಗಿತ್ತು. ಎರಡು ವರ್ಷದಲ್ಲಿ ವಾದವಾಯಿತು. ಬೆಳಕು ದಣಿಯುತ್ತದೆ, ವಿಶ್ವ ಎಲ್ಲಿಗೂ ಹಿಗ್ಗುತ್ತಿಲ್ಲ, ಅದು ಇದ್ದ ಹಾಗೇ ಇದೆ ಎಂದು ಅವಳು ಗಟ್ಟಿಯಾಗಿ ಹೇಳತೊಡಗಿದಳು. ಯುವಕ ಸಂಘದವರು ಕರೆದರೆ ಹೋಗಿ ಹೇಳಿದಳು, ಶಿಕ್ಷಕರ ಸಂಘದ ಸಭೆಯಲ್ಲಿ ಹೇಳಿದಳು. ಹಾಸ್ಯ ಮಾಡುವವರು 'ದಣಿದ ಬೆಳಕಿನ ಮೇಡಂ' ಎಂದು ಹೆಸರಿಟ್ಟರು. ಅವಳು ಆ ಹೆಸರಿಗೆ ಓಗೊಟ್ಟಳು. "ಇಟ್ಕೊಳ್ಳಲಿ. ಕರೆದಾಗೆಲ್ಲ ನನ್ನ ಪ್ರಶ್ನೆ ಅವರ ಬಾಯಲ್ಲೇ ಬರುತ್ತೆ."

ಎಪ್ಪತ್ತಾರರಲ್ಲಿ ಶಾಲೆಗೆ ತನಿಖೆಗೆಂದು ಒಬ್ಬ ಅಧಿಕಾರಿ ಬಂದರು. ತುರ್ತು ಪರಿಸ್ಥಿತಿಯ ಕಾಲ. ಮೇಲಿನವರ ಮುಂದೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಹತ್ತನೇ ತರಗತಿಯ ಪುಸ್ತಕದ ಕೊನೆಯ ಪಾಠದಲ್ಲಿ ವಿಶ್ವ ಹಿಗ್ಗುತ್ತಿದೆ ಎಂದು ಒಂದು ಸಾಲಿತ್ತು. ಅಧಿಕಾರಿ ಮುಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ ಅದನ್ನೇ ಕೇಳಿದರು.

"ಹಿಗ್ತಿದೆ ಅಂತ ಪುಸ್ತಕದಲ್ಲಿದೆ ಸಾರ್. ಆದ್ರೆ ಅದು ಇನ್ನೂ ಚರ್ಚೇಲಿದೆ" ಅಂದಳು ಹುಡುಗಿ.

"ಚರ್ಚೆ ಮಾಡ್ತಿರೋರು ಯಾರು?"

"ನಮ್ಮ ಟೀಚರು ಸಾರ್."

ಅಧಿಕಾರಿಗೆ ನಗು ಬರಲಿಲ್ಲ. ಪಠ್ಯಪುಸ್ತಕದ ವಿರುದ್ಧ ಪಾಠ ಮಾಡಿದ್ದಕ್ಕೆ ತಪ್ಪೊಪ್ಪಿಕೊಂಡು ಬರೆದುಕೊಡಿ, ವಿಷಯ ಇಲ್ಲಿಗೇ ಮುಗಿಸುತ್ತೇನೆ ಅಂದರು. ಹೆಡ್ಮಾಸ್ಟರು ಕಾಗದ, ಪೆನ್ನು ತಂದು ಮುಂದಿಟ್ಟರು. ನಾವೆಲ್ಲ, "ಬರೆದು ಬಿಸಾಕು ಅತ್ಲಾಗೆ" ಅಂದೆವು.

"ಪುಸ್ತಕದಲ್ಲಿ ಏನಿದೆಯೋ ಅದನ್ನೂ ಹೇಳಿದೀನಿ ಸಾರ್, ಅದಕ್ಕಿರೋ ಅನುಮಾನಾನೂ ಹೇಳಿದೀನಿ" ಅಂದಳು ದಾಕ್ಷಾಯಣಿ. "ಇದರಲ್ಲಿ ಯಾವುದು ತಪ್ಪು ಅಂತ ತೋರಿಸಿ. ತೋರಿಸಿದ ಕ್ಷಣ ಬರ್ಕೊಡ್ತೀನಿ."

ತೋರಿಸಲಿಲ್ಲ. ತಿಂಗಳೊಳಗೆ ಕುಣಿಗಲ್ಲಿಗೆ ವರ್ಗವಾಯಿತು.

ವರ್ಗದ ಸುದ್ದಿ ಬಂದ ದಿನ ನಾನು ಅವರ ಮನೆಗೆ ಹೋಗಿದ್ದೆ. ಚನ್ನವೀರಯ್ಯನವರು ಮಂಡಿಯಿಂದ ಬಂದು ಜಗಲಿಯ ಮೇಲೆ ಕೂತಿದ್ದರು. ಮಾತು ಕಡಿಮೆಯ ಮನುಷ್ಯ. ಹೆಂಡತಿಯ ವಾದ ಅರ್ಥವಾಗುತ್ತದೆಂದು ಅವರು ಎಂದೂ ಹೇಳಿಕೊಂಡವರಲ್ಲ. ಆ ಹೊತ್ತು ಹೇಳಿದ್ದು ಇಷ್ಟೇ: "ಕುಣಿಗಲ್ ಏನು ದೂರ? ರೂಮು ಮಾಡಿ ಕೊಡ್ತೀನಿ, ಶನಿವಾರ ಬಂದ್ರಾಯ್ತು. ವರ್ಗ ತಪ್ಪಿಸೋಕೆ, ನನಗೋಸ್ಕರ ಅಂತ ಏನಾದ್ರೂ ಬರ್ಕೊಟ್ಟೀಯ, ಆಮೇಲೆ ನನ್ನೇ ಬೈಕೋತೀಯ."

ತಿಪ್ಪಮ್ಮನವರು ಮಾತ್ರ ಒಳಗಿನಿಂದ, "ಆ ಆಪೀಸರ್ರು ಇಲ್ಲಿಗೆ ಬರ್ಲಿ, ನಾನು ಕೇಳ್ತೀನಿ" ಅಂದರು. ಏನು ಕೇಳುತ್ತಿದ್ದರೋ ತಿಳಿಯದು.

ಶಿಕ್ಷೆ ಕೊಟ್ಟವರಿಗೆ ಒಂದು ವಿಷಯ ಹೊಳೆದಿರಲಿಲ್ಲ. ಕುಣಿಗಲ್ಲಿನಿಂದ ಬೆಂಗಳೂರಿಗೆ ನೇರ ಬಸ್ಸು. ಬೆಳಿಗ್ಗೆ ಹತ್ತಿದರೆ ಸಂಜೆಗೆ ವಾಪಸು. ಬೆಂಗಳೂರಿನಲ್ಲಿ ಆಕಾಶದ ಅಧ್ಯಯನ ಮಾಡುವ ಒಂದು ದೊಡ್ಡ ಸಂಸ್ಥೆ ಇದೆಯೆಂದು ಎಲ್ಲೋ ಓದಿದ್ದ ದಾಕ್ಷಾಯಣಿ ರಜೆ ಸಿಕ್ಕಿದಾಗೆಲ್ಲ ಅಲ್ಲಿಗೆ ಹೋದಳು. ಗೇಟಿನಲ್ಲಿ ಯಾರನ್ನು ನೋಡಬೇಕು ಎಂದು ಕೇಳುತ್ತಿದ್ದರು. ಅವಳಿಗೆ ಯಾರ ಹೆಸರೂ ಗೊತ್ತಿಲ್ಲ. "ವಿಶ್ವ ಹಿಗ್ತಿದೆ ಅನ್ನೋರು ಯಾರಾದ್ರೂ ಸರಿ" ಅಂದಳಂತೆ. ಕಾವಲಿನವನು ಒಳಗೆ ಬಿಡಲಿಲ್ಲ. ಮತ್ತೆ ಹೋದಳು, ಆಗಲೂ ಬಿಡಲಿಲ್ಲ. ಮುಂದಿನ ಸಲ ಗೇಟಿನ ಎದುರಿನ ಕಲ್ಲಿನ ಮೇಲೆ ಬುತ್ತಿ ಬಿಚ್ಚಿ ಕೂತುಬಿಟ್ಟಳು. ಊಟಕ್ಕೆ ಹೊರಗೆ ಬಂದ ಒಬ್ಬರು ನಿಂತು ವಿಚಾರಿಸಿದರು. ಅವರು ರಾಮಾಂಜಿನಯ್ಯ, ಕೊರಟಗೆರೆ ಕಡೆಯವರು, ಅಲ್ಲಿ ವಿಜ್ಞಾನಿ. ತಮ್ಮೂರಿನ ಕಡೆಯ ಮಾತು ಕೇಳಿ ಅವರಿಗೂ ಕುತೂಹಲವಾಗಿತ್ತು.

ಅವಳು ಪ್ರಶ್ನೆ ಹೇಳಿದಳು. ರಾಮಾಂಜಿನಯ್ಯನವರು ನಗಲಿಲ್ಲ.

"ಒಳ್ಳೇ ಪ್ರಶ್ನೆ ಮೇಡಂ. ಹಳೇದೂ ಹೌದು. ಕೆಂಪಿನ ವಿಷಯ ಗೊತ್ತಾದ ಹೊಸತರಲ್ಲೇ, ಇಪ್ಪತ್ತೊಂಬತ್ತನೇ ಇಸವೀಲಿ, ಒಬ್ಬ ದೊಡ್ಡ ವಿಜ್ಞಾನಿ ಇದನ್ನೇ ಕೇಳಿದ್ದ."

ಇದನ್ನು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಒಲೆಯ ಮುಂದಿನ ದಣಿವು ಎಂದು ಸಭೆಯೆಲ್ಲ ನಕ್ಕಿದ್ದ ಪ್ರಶ್ನೆ ಒಬ್ಬ ದೊಡ್ಡ ವಿಜ್ಞಾನಿಯದ್ದೂ ಆಗಿತ್ತು.

ಆದರೆ ರಾಮಾಂಜಿನಯ್ಯನವರು ಅಷ್ಟಕ್ಕೇ ಬಿಟ್ಟಿರಲಿಲ್ಲ. ಒಳಗೆ ಕರೆದುಕೊಂಡು ಹೋಗಿ ದೂರದ ಗ್ಯಾಲಕ್ಸಿಗಳ ಚಿತ್ರಗಳನ್ನು ತೋರಿಸಿ ಹೇಳಿದರು: "ಬೆಳಕು ದಾರೀಲಿ ಯಾವುದಕ್ಕೋ ಡಿಕ್ಕಿ ಹೊಡೆದು ಶಕ್ತಿ ಕಳ್ಕೋಬೇಕು ಅಲ್ವಾ? ಡಿಕ್ಕಿ ಹೊಡೆದ್ರೆ ದಾರೀನೂ ಒಂಚೂರು ಬದಲಾಗುತ್ತೆ. ಮಂಜಿನಲ್ಲಿ ಬಲ್ಬು ನೋಡಿದ ಹಾಗೆ ದೂರದ್ದೆಲ್ಲ ಮಬ್ಬಾಗಿ ಕಾಣ್ಬೇಕು. ಇಲ್ಲಿ ಹಂಗಿಲ್ಲ, ನೋಡಿ."

"ಡಿಕ್ಕಿ ಹೊಡೀದೇನೇ ಕಳ್ಕೊಂಡ್ರೆ?"

"ಕಳ್ಕೋಬೋದು. ಅಂಥ ನಿಯಮ ಬೇರೆಲ್ಲೂ ಕಂಡಿಲ್ಲ, ಆದ್ರೂ ಇಲ್ಲ ಅಂತ ಈಗ್ಲೇ ಹೇಳಲ್ಲ. ಅದಕ್ಕೂ ಒಂದು ಪರೀಕ್ಷೆ ಇದೆ. ಕೆಲವು ನಕ್ಷತ್ರ ಸಾಯೋವಾಗ ಸಿಡಿದು ಜೋರಾಗಿ ಬೆಳಗಿ, ಆಮೇಲೆ ನಿಧಾನಕ್ಕೆ ಮಂಕಾಗ್ತವೆ. ಬೆಳಕು ಬರೀ ದಣಿಯೋದಾದ್ರೆ, ದೂರದ್ದೂ ಹತ್ತಿರದ್ದೂ ಮಂಕಾಗೋಕೆ ಒಂದೇ ಹೊತ್ತು ತಗೋಬೇಕು. ವಿಶ್ವ ಹಿಗ್ಗೋದಾದ್ರೆ ದೂರದ್ದು ಜಾಸ್ತಿ ಹೊತ್ತು ತಗೊಂಡ ಹಾಗೆ ಕಾಣ್ಬೇಕು."

"ನೋಡಿದಾರಾ?"

"ನೋಡೋಕೆ ಶುರು ಮಾಡಿದಾರೆ. ಇಲ್ಲೀವರೆಗೆ ಸಿಕ್ಕಿದ್ದು ಹಿಗ್ಗೋ ಕಡೆಗೇ ವಾಲಿದೆ. ಗಟ್ಟಿಯಾಗಿ ಹೇಳೋಷ್ಟು ಸಿಕ್ಕಿಲ್ಲ."

"ಹಂಗಾದ್ರೆ ನಾನಿನ್ನೂ ಸೋತಿಲ್ಲ" ಅಂದಳು ದಾಕ್ಷಾಯಣಿ.

"ಇಲ್ಲ. ಆದ್ರೆ ಗೆಲ್ಲೋದು ಕಷ್ಟ ಇದೆ" ಅಂದರು ರಾಮಾಂಜಿನಯ್ಯ.

ಮುಂದೆ ಹಲವು ವರ್ಷ ಇಬ್ಬರದ್ದೂ ಇದೇ ಜಗಳ. ಅವರು ಒಂದು ಸಾಕ್ಷಿ ಕೊಡುವುದು, ಇವಳು ಕುಣಿಗಲ್ಲಿನ ರೂಮಿಗೆ ತಂದು ಅದರಲ್ಲಿ ಬಿರುಕು ಹುಡುಕುವುದು. ಕೆಲವು ಸಲ ಬಿರುಕು ಸಿಗುತ್ತಿತ್ತು. ಆಗ ಅವರೂ ಒಪ್ಪುತ್ತಿದ್ದರು. ಶನಿವಾರ ಗುಬ್ಬಿಗೆ ಬಂದರೆ ನನಗೆ ವರದಿ ಒಪ್ಪಿಸುತ್ತಿದ್ದಳು. ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಒಬ್ಬ ಮನುಷ್ಯ ಇವಳ ಮಾತನ್ನು ಕೂತು ಕೇಳುತ್ತಿದ್ದಾರಲ್ಲ ಎಂಬುದೇ ನನಗೆ ದೊಡ್ಡದಾಗಿತ್ತು.

ಇದೇ ಹೊತ್ತಿಗೆ ಅವಳ ಬದುಕಿಗೆ ಏಕಾಂತಯ್ಯನವರು ಬಂದರು. ತುಮಕೂರಿನ ಅಂಚಿನ ಸತ್ಯಮಂಗಲದಲ್ಲಿ ಅವರದ್ದೊಂದು ಸಣ್ಣ ಕಾರ್ಖಾನೆ, ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವಂಥದ್ದು. ಜೊತೆಗೆ ಊರಿನ ಒಂದು ಸಾಂಸ್ಕೃತಿಕ ಸಂಘಕ್ಕೆ ಅಧ್ಯಕ್ಷರು. ಅವಳ ಭಾಷಣ ಒಮ್ಮೆ ಕೇಳಿ ಮೆಚ್ಚಿ, ತಮ್ಮ ಖರ್ಚಿನಲ್ಲೇ ಅದನ್ನು ಅಚ್ಚು ಹಾಕಿಸಿ ಹಂಚಿದ್ದರು. ಒಳ್ಳೆಯ ಮನುಷ್ಯರೇ. ಆದರೆ ಬೆಳಕಿನ ಗೆರೆಗಳಲ್ಲಿ ಅವರಿಗೆ ಆಸಕ್ತಿ ಇರಲಿಲ್ಲ. ಅಮೆರಿಕದವರು ಹೇಳಿದ್ದನ್ನು ನಮ್ಮ ಜಿಲ್ಲೆಯ ಹೆಣ್ಣುಮಗಳು ಸುಳ್ಳು ಅಂದಳಲ್ಲ, ಅದು ಅವರಿಗೆ ಹಿಡಿಸಿತ್ತು. ಹೋದಲ್ಲೆಲ್ಲ ಹಾಗೆಯೇ ಹೇಳುತ್ತಿದ್ದರು. ದಾಕ್ಷಾಯಣಿ ಒಂದೆರಡು ಸಲ, "ನಾನು ಸುಳ್ಳು ಅಂದಿಲ್ಲ ಸಾರ್, ಸಾಕ್ಷಿ ಸಾಲದು ಅಂದಿದ್ದು" ಎಂದು ತಿದ್ದಿದಳು. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎಂಬತ್ತೆರಡರ ದಸರಾ ರಜೆಯಲ್ಲಿ ಅವಳು ಗುಬ್ಬಿಯಲ್ಲೇ ಇದ್ದಳು. ರಾಮಾಂಜಿನಯ್ಯನವರು ಈ ಸಲ ಬೇರೆ ಒಂದು ಸಾಕ್ಷಿಯನ್ನು ಮುಂದಿಟ್ಟಿದ್ದರು. ಆಕಾಶದ ಯಾವ ದಿಕ್ಕಿಗೆ ತಿರುಗಿದರೂ ಒಂದೇ ಸಮನಾಗಿ ಬರುವ, ಬಹಳ ತಣ್ಣನೆಯ ಒಂದು ವಿಕಿರಣವಿದೆ. ಹದಿನೇಳೆಂಟು ವರ್ಷದ ಹಿಂದೆಯೇ ಅದು ರೇಡಿಯೋ ಉಪಕರಣಗಳಿಗೆ ಸಿಕ್ಕಿತ್ತು. ವಿಶ್ವ ಪುಟ್ಟದಾಗಿ, ಕಾದು ಕೆಂಡವಾಗಿದ್ದ ಕಾಲದ ಬೆಳಕು ಹಿಗ್ಗಿ ಹಿಗ್ಗಿ ಹೀಗಾಗಿದೆ ಎಂದು ಅವರ ಕಡೆಯವರ ಮಾತು. ದಾಕ್ಷಾಯಣಿ, ಅದೇ ಬೆಳಕು ದಣಿದು ಹೀಗಾಗಿದೆ ಎಂದು ತೋರಿಸಿಬಿಡುತ್ತೇನೆ ಎಂದು ಲೆಕ್ಕಕ್ಕೆ ಕೂತಳು.

ಎರಡು ದಿನ ಬಿಟ್ಟು ನಾನು ಹೋದಾಗ ನಡುಮನೆಯಲ್ಲಿ ಕಪ್ಪು ಹಲಗೆಯ ಮುಂದೆ ಸುಮ್ಮನೆ ಕೂತಿದ್ದಳು. ಚನ್ನವೀರಯ್ಯನವರು ಅಲ್ಲೇ ಕಂಬಕ್ಕೆ ಒರಗಿದ್ದರು.

"ಏನಾಯ್ತೇ?" ಅಂದೆ.

ಅವಳು ಗಂಡನ ಕಡೆ ತಿರುಗಿದಳು. "ಅಟ್ಟದ ಮೇಲೆ ಕಾಯಿ ಹಾಕಿದೀರಿ. ಒಣಗಿ ಕೊಬ್ಬರಿ ಆಯ್ತು. ಏನು ಕಮ್ಮಿ ಆಗುತ್ತೆ?"

"ತೂಕ" ಅಂದರು ಅವರು.

"ಒಂದು ಮೊಳ ಜಾಗದಲ್ಲಿ ಎಷ್ಟು ಕಾಯಿ ಇದ್ವು, ಆ ಲೆಕ್ಕ?"

"ಅದ್ಯಾಕೆ ಕಮ್ಮಿ ಆಗ್ತದೆ? ಇದ್ದಷ್ಟೇ ಇರ್ತದೆ."

"ಅದೂ ಕಮ್ಮಿ ಆಗಿದ್ರೆ?"

ಚನ್ನವೀರಯ್ಯನವರು ಯೋಚಿಸಿದರು. "ಯಾರೂ ಕದ್ದಿಲ್ಲ ಅಂದ್ರೆ, ಅಟ್ಟವೇ ದೊಡ್ಡದಾಗಿರ್ಬೇಕು."

"ಅಷ್ಟೇ" ಅಂದಳು ದಾಕ್ಷಾಯಣಿ. "ಬೆಳಕಿನ ಕಣಗಳೂ ಹಂಗೇ. ದಣಿದ್ರೆ ಒಂದೊಂದು ಕಣದ ಶಕ್ತಿ ಕಮ್ಮಿ ಆಗುತ್ತೆ, ಒಂದು ಜಾಗದಲ್ಲಿರೋ ಕಣದ ಲೆಕ್ಕ ಹಂಗೇ ಉಳಿಯುತ್ತೆ. ಹಂಗಿದ್ದಿದ್ರೆ ಆ ವಿಕಿರಣ ಈಗ ಅಳೆದಿರೋದಕ್ಕಿಂತ ಕೋಟಿಗಟ್ಟಲೆ ಪಟ್ಟು ದಟ್ಟವಾಗಿರ್ಬೇಕಿತ್ತು. ಇಲ್ಲ. ಶಕ್ತೀನೂ ಇಳಿದಿದೆ, ಲೆಕ್ಕಾನೂ ಇಳಿದಿದೆ, ಎರಡೂ ಒಂದಕ್ಕೊಂದು ಸರಿಯಾಗಿ ಹೊಂದೋ ಹಾಗೆ ಇಳಿದಿದೆ. ಜಾಗವೇ ಹಿಗ್ಗದೆ ಹಂಗಾಗಲ್ಲ. ನಾಲ್ಕು ದಾರೀಲಿ ನೋಡ್ದೆ."

ಒಳಗಿನಿಂದ ಬಂದ ತಿಪ್ಪಮ್ಮನವರು ಸೊಸೆಯ ಮುಂದೆ ಕಾಫಿ ಲೋಟ ಇಟ್ಟು ಹೋದರು.

"ನಾಚಿಕೆ ಆಗ್ತಿದೆಯಾ?" ಎಂದು ನಾನು ಮೆತ್ತಗೆ ಕೇಳಿದೆ.

"ನಾಚಿಕೆ ಯಾಕೆ? ಸಿಟ್ಟು ಬರ್ತಿದೆ."

"ಯಾರ ಮೇಲೆ?"

"ವಿಶ್ವದ ಮೇಲೆ ಕಣೇ" ಅಂದು ತಾನೇ ನಕ್ಕಳು. ನಗುವಾಗ ಕಣ್ಣಲ್ಲಿ ನೀರಿತ್ತು. ಒಂಬತ್ತು ವರ್ಷ ಅವಳು ಆ ವಾದವನ್ನು ಮಗುವಿನ ಹಾಗೆ ಎತ್ತಿಕೊಂಡು ತಿರುಗಿದ್ದಳು. ಅವಳಿಗೆ ಮಕ್ಕಳಿರಲಿಲ್ಲ.

ಅದೇ ವಾರ ಏಕಾಂತಯ್ಯನವರ ಸಂಘದಿಂದ ಆಹ್ವಾನ ಪತ್ರಿಕೆ ಬಂತು. ರಾಜ್ಯೋತ್ಸವಕ್ಕೆ ದಾಕ್ಷಾಯಣಿಗೆ ಸನ್ಮಾನ. 'ಪಾಶ್ಚಾತ್ಯರ ವಾದವನ್ನು ಮುರಿದ ವಿಜ್ಞಾನ ಶಿಕ್ಷಕಿ' ಎಂದು ಅವಳ ಹೆಸರಿನ ಕೆಳಗೆ ಅಚ್ಚಾಗಿತ್ತು. ಅವಳು ಮಾರನೆಯ ಬೆಳಿಗ್ಗೆಯೇ ನನ್ನನ್ನು ಕರೆದುಕೊಂಡು ಸತ್ಯಮಂಗಲಕ್ಕೆ ಹೋದಳು. ಲೇತ್ ಯಂತ್ರಗಳ ಸದ್ದಿನ ನಡುವೆ ಏಕಾಂತಯ್ಯನವರು ಕುರ್ಚಿ ಹಾಕಿಸಿದರು, ಸೋಡಾ ತರಿಸಿದರು.

"ಸಾರ್, ನನ್ನ ವಾದ ಬಿದ್ದೋಯ್ತು" ಅಂದಳು. "ವಿಶ್ವ ಹಿಗ್ತಿದೆ. ಲೆಕ್ಕ ಹಾಕಿ ನೋಡ್ದೆ. ನಾನು ಯಾರ ವಾದವನ್ನೂ ಮುರಿದಿಲ್ಲ."

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಮೇಡಂ, ಕಾರ್ಡ್ ಹಂಚಿ ಆಗಿದೆ. ದೊಡ್ಡ ಮನುಷ್ಯರು ಬರ್ತಾರೆ. ನೀವು ಶಾಲು ಹೊದ್ದು, ವಿಜ್ಞಾನ ಅಂದ್ರೆ ಏನು ಅಂತ ಎರಡು ಮಾತಾಡಿ ಇಳೀರಿ. ಅದು ಹಿಗ್ಗಿದ್ದನ್ನ ಇನ್ಯಾವತ್ತಾದ್ರೂ ಹೇಳೋಣ."

"ನಾನು ಬರ್ತೀನಿ. ಶಾಲು ಹೊದ್ಕೊಳಲ್ಲ, ಮಾತು ಪೂರ್ತಿ ಆಡ್ತೀನಿ. ಬೇಡ ಅನ್ನೋದಾದ್ರೆ ಈಗ್ಲೇ ಹೇಳ್ಬುಡಿ, ಬರಲ್ಲ."

ವೇದಿಕೆ ಹತ್ತಿದ ಮೇಲೆ ಮೆತ್ತಗಾಗುತ್ತಾಳೆ ಎಂದುಕೊಂಡರೋ ಏನೋ, "ಬನ್ನಿ, ಬನ್ನಿ" ಎಂದು ಕೈಮುಗಿದು ಕಳಿಸಿದರು.

ರಾಜ್ಯೋತ್ಸವದ ಸಂಜೆ ತುಮಕೂರಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಚನ್ನವೀರಯ್ಯನವರು, ರೇಷ್ಮೆ ಸೀರೆ ಉಟ್ಟ ತಿಪ್ಪಮ್ಮನವರು, ನಾನು. ಎರಡು ಸಾಲು ಹಿಂದೆ ವೀರಭದ್ರಯ್ಯನವರೂ ಇದ್ದರು. ಆಗ ಅವರಿಗೆ ನಿವೃತ್ತಿಯಾಗಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಾರ, ಶಾಲು, ಹಣ್ಣಿನ ತಟ್ಟೆ ಬಂದಾಗ ದಾಕ್ಷಾಯಣಿ ಕೈ ಅಡ್ಡ ಹಿಡಿದು, "ಮೊದಲು ಮಾತು" ಎಂದು ಮೈಕಿನ ಮುಂದೆ ಹೋದಳು.

ಬೆಳಕು ದಣಿಯುತ್ತದೆಂದು ತಾನು ಯಾಕೆ ನಂಬಿದೆ, ಯಾವ ಯಾವ ಸಾಕ್ಷಿ ಅದನ್ನು ಅಲುಗಾಡಿಸಿತು, ಯಾವುದು ಕೆಡವಿತು ಎಂದು ಒಂದೊಂದಾಗಿ ಹೇಳಿದಳು. ಅಟ್ಟದ ಕೊಬ್ಬರಿಯ ಉದಾಹರಣೆಯನ್ನೂ ಕೊಟ್ಟಳು. ಮಂಡಿಯ ಜನ ತಲೆದೂಗಿದರು. ಕೊನೆಗೆ, "ಈ ಕಾರ್ಡಿನಲ್ಲಿ ನನ್ನ ಬಗ್ಗೆ ಬರೆದಿರೋದು ನಿಜವಲ್ಲ. ಅದಕ್ಕೆ ಈ ಸನ್ಮಾನ ನನಗೆ ಸಲ್ಲೋದಿಲ್ಲ" ಅಂದಳು.

ಸಭೆಯಲ್ಲಿ ಗುಜುಗುಜು ಎದ್ದಿತು. ಹಿಂದಿನಿಂದ ಒಬ್ಬರು ಎದ್ದು, "ಹಂಗಾದ್ರೆ ಇಷ್ಟು ವರ್ಷ ನೀವು ಊರೂರು ತಿರುಗಿ ಹೇಳಿದ್ದು ಸುಳ್ಳಾ?" ಎಂದು ಕೂಗಿದರು.

"ತಪ್ಪು. ಸುಳ್ಳಲ್ಲ" ಅಂದಳು. "ತಿಳೀದೆ ಹೇಳಿದ್ದು ತಪ್ಪು. ಇವತ್ತು ತಿಳಿದ ಮೇಲೂ ಶಾಲು ಹೊದ್ದಿದ್ರೆ ಅದು ಸುಳ್ಳಾಗ್ತಿತ್ತು. ತಪ್ಪು ಎಲ್ಲೆಲ್ಲಿ ಹೇಳಿದ್ನೋ ಅಲ್ಲೆಲ್ಲ ಹೋಗಿ ತಿದ್ದಿ ಬರ್ತೀನಿ. ಸಂಘದೋರು ಕರೀದಿದ್ರೂ ಹೋಗ್ತೀನಿ."

ಆಗ ವೀರಭದ್ರಯ್ಯನವರು ಎದ್ದು ನಿಂತರು. "ಅಮ್ಮಾ, ನಾನು ಆಗ್ಲೇ ಹೇಳಿದ್ದೆ, ವಿಶ್ವ ಹಿಗ್ತಿದೆ ಅಂತ."

ದಾಕ್ಷಾಯಣಿ ಅವರಿಗೆ ಕೈಮುಗಿದಳು. "ಹೇಳಿದ್ರಿ ಸಾರ್. ನೀವು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ಅದನ್ನ ಎಲ್ಲರ ಮುಂದೆ ಒಪ್ಕೋತೀನಿ. ಆದ್ರೆ ಕೇಳಬಾರದ್ದು ಕೇಳಿದೆ ಅಂತ ಮಾತ್ರ ಒಪ್ಪಲ್ಲ. ಇಂಥ ಪ್ರಶ್ನೆ ಕೇಳಿದ್ದಕ್ಕೇ ಆ ಲೆಕ್ಕ ಎಲ್ಲ ಹುಟ್ಟಿದ್ದು."

ಅವರು ಕೂತರು. ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಬಳಿ ನಮ್ಮನ್ನು ತಡೆದು, "ಆವತ್ತು ನಾನು ಏನಂದೆ ಅಂತ ನನಗೆ ನೆನಪಿಲ್ಲಮ್ಮ" ಅಂದರು. ಆ ಮಾತಿನಲ್ಲಿ ಕಪಟವಿರಲಿಲ್ಲ. ನಿಜವಾಗಿಯೂ ನೆನಪಿರಲಿಲ್ಲ. ದಾಕ್ಷಾಯಣಿ, "ಇರ್ಲಿ ಬುಡಿ ಸಾರ್" ಎಂದು ಮೆಟ್ಟಿಲಿಳಿದಳು. ತಿಪ್ಪಮ್ಮನವರು ಮಾತ್ರ ಅವರನ್ನು ಕೆಳಗಿನಿಂದ ಮೇಲಿನವರೆಗೆ ಒಂದು ಸಲ ನೋಡಿ, ಸೊಸೆಯ ಹಿಂದೆ ನಡೆದರು.

ಅದಾದ ಮೇಲೆ ಅವಳನ್ನು ಕರೆಯುವವರು ಕಡಿಮೆಯಾದರು. ಮೆಚ್ಚಿದವರಿಗೆ ಅವಳು ಕೈಕೊಟ್ಟಂತಾಗಿತ್ತು. ಹಾಸ್ಯ ಮಾಡಿದವರಿಗೆ ಇನ್ನೊಂದು ಹಾಸ್ಯ ಸಿಕ್ಕಿತ್ತು. ಅವಳು ಹೇಳಿದ ಮಾತನ್ನು ನಡೆಸಿದಳು. ಹಿಂದೆ ಭಾಷಣ ಮಾಡಿದ ಊರುಗಳಿಗೆ ಒಂದೊಂದಾಗಿ ಬಸ್ಸು ಹತ್ತಿ ಹೋದಳು. ಕೆಲವೆಡೆ ನಾಲ್ಕೇ ಜನ ಸೇರಿದರು. ಒಂದೂರಿನಲ್ಲಿ ಯುವಕ ಸಂಘದ ಬಾಗಿಲಿಗೆ ಬೀಗ ಹಾಕಿತ್ತು. ಅರಳಿಕಟ್ಟೆಯ ಮೇಲೆ ಕೂತಿದ್ದವರಿಗೇ ಹೇಳಿ ಬಂದಳು. ಇಷ್ಟೆಲ್ಲ ಯಾಕೆ, ಪೇಪರಿಗೆ ನಾಲ್ಕು ಸಾಲು ಬರೆದು ಹಾಕಿದರಾಗದೆ ಎಂದು ನಾನು ಕೇಳಿದ್ದಕ್ಕೆ, "ತಪ್ಪು ಹೇಳೋವಾಗ ಬಸ್ಸಿನಲ್ಲಿ ಹೋಗಿದ್ದೆ, ತಿದ್ದೋಕೂ ಬಸ್ಸಿನಲ್ಲೇ ಹೋಗ್ಬೇಕು" ಅಂದಳು.

ಏಕಾಂತಯ್ಯನವರು ಸುಮಾರು ಮೂರು ವರ್ಷ ಮುಖ ತಿರುಗಿಸಿಕೊಂಡಿದ್ದರು. ಎಂಬತ್ತೈದರ ಆಯುಧಪೂಜೆಯ ಹೊತ್ತಿಗೆ ತಮ್ಮ ಕಾರಿನಲ್ಲಿ ಕುಣಿಗಲ್ಲಿಗೆ ಹೋಗಿ ಅವಳ ರೂಮಿನ ಬಾಗಿಲು ತಟ್ಟಿದರಂತೆ. ಕೆಲಸಗಾರರು ಕೇಳುತ್ತಿದ್ದಾರೆ, ಕಾರ್ಖಾನೆಗೆ ಬಂದು ಮಾತಾಡಬೇಕು ಅಂದರು. "ಶಾಲು ಇಲ್ಲ ಮೇಡಂ. ಊಟಕ್ಕೆ ಹೋಳಿಗೆ ಇರುತ್ತೆ ಅಷ್ಟೇ." ಅವಳು ಒಪ್ಪಿದಳು. ಕಾರ್ಖಾನೆಗೆ ಹೋದಾಗಲೂ ನಾನು ಜೊತೆಗಿದ್ದೆ.

ತೊಳೆದು ಕುಂಕುಮ ಹಚ್ಚಿದ್ದ ಯಂತ್ರಗಳ ನಡುವೆ ನಿಂತು ಮಾತಾಡಿದಳು. ಹುಡುಗರು ಎಣ್ಣೆ ಡಬ್ಬಿಗಳ ಮೇಲೆ ಕೂತಿದ್ದರು. ಏಕಾಂತಯ್ಯನವರು ಒಂದು ಮರದ ಪೆಟ್ಟಿಗೆಯ ಮೇಲೆ. ಯಲ್ಲಯ್ಯ ಎಂಬ ಹಿರಿಯ ಫಿಟ್ಟರು ಕೇಳಿದ: "ಮೇಡಮ್ಮೋರೆ, ಎಲ್ಲಾ ದೂರ ಹೋಗ್ತಿದ್ರೆ, ಗುಬ್ಬಿ ತುಮಕೂರಿಂದ ದೂರ ಹೋಗ್ತಿಲ್ವಲ್ಲ?"

"ಹೋಗಲ್ಲ. ಭೂಮಿ ಗಟ್ಟಿಯಾಗಿ ಕಟ್ಟಿಕೊಂಡಿರೋ ಉಂಡೆ, ಅದು ಹಿಗ್ಗಲ್ಲ. ಸೂರ್ಯನ ಸುತ್ತ ಇರೋದೂ ಹಿಗ್ಗಲ್ಲ. ಒಂದನ್ನೊಂದು ಎಳೆದು ಹಿಡಿದಿರೋದು ಯಾವುದೂ ಬಿಟ್ಕೊಡಲ್ಲ. ಬಹಳ ದೂರದೂರದ ಗ್ಯಾಲಕ್ಸಿಗಳ ಮಧ್ಯೆ ಇರೋ ಜಾಗ ಮಾತ್ರ ಹಿಗ್ಗೋದು."

"ಹಂಗಾದ್ರೆ ಮೊದ್ಲು ಎಲ್ಲಾ ಒಂದೇ ಕಡೆ ಇದ್ದು, ಒಂದಿನ ಶುರುವಾಗಿರ್ಬೇಕಲ್ಲ?"

ದಾಕ್ಷಾಯಣಿ ಸೆರಗನ್ನು ಇನ್ನೊಮ್ಮೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ನನಗೆ ಗೊತ್ತಾಯಿತು, ಇದು ಬೇಗ ಮುಗಿಯುವ ಮಾತಲ್ಲ.

"ಬೆಂಗಳೂರಿನಲ್ಲಿ ನಮಗೆ ಗೊತ್ತಿರೋ ವಿಜ್ಞಾನಿ ಒಬ್ಬರು ಹಂಗೇ ಹೇಳ್ತಾರೆ. ಒಂದು ಕಾಲದಲ್ಲಿ ಎಲ್ಲ ಬಹಳ ಹತ್ತಿರ ಇತ್ತು, ಬಹಳ ಬಿಸಿ ಇತ್ತು. ಅಲ್ಲೀವರೆಗೆ ಸಾಕ್ಷಿ ಇದೆ, ಒಪ್ಪಿದೀನಿ. ಆದ್ರೆ ಅದೇ ಶುರು, ಅದಕ್ಕೆ ಮುಂಚೆ ಏನೂ ಇರ್ಲಿಲ್ಲ ಅಂತಾರಲ್ಲ, ಅದನ್ನ ನಾನು ಒಪ್ಪಿಲ್ಲ. ಯಾಕೆ ಅಂತ ಹೇಳ್ತೀನಿ, ಕೇಳಿ" ಎಂದು ಗೋಡೆಗೆ ಒರಗಿಸಿದ್ದ ಹಲಗೆಯ ಕಡೆ ತಿರುಗಿದಳು.

ಊಟದ ಸೈರನ್ ಕೂಗಿತು. ಕೆಲವು ಹುಡುಗರು ಎದ್ದು ಹೋದರು. ಯಲ್ಲಯ್ಯ ಏಳಲಿಲ್ಲ, ಏಕಾಂತಯ್ಯನವರೂ ಏಳಲಿಲ್ಲ. ಆಚೆ ಎಲೆ ಹಾಕಿದ ಸದ್ದು ಕೇಳುತ್ತಿತ್ತು. ಅವಳು ಸೀಮೆಸುಣ್ಣ ಹಿಡಿದು ಬರೆಯುತ್ತಲೇ ಇದ್ದಳು.